ಕಬ್ಬಿಣದ ದಾರಿ ಹುಟ್ಟಿದ ಕಥೆ



ನೀವೆಲ್ಲ ರೈಲು ನೋಡಿದ್ದೀರಿ. ಕೆಲವರು ರೈಲಿನಲ್ಲಿ ಕೂತು ಊರಿಗೆ ಹೋಗಿದ್ದೀರಿ. ಜಾತ್ರೆಗೆ ಹೋಗಿದ್ದೀರಿ. ಮಗಳ ಬಾಣಂತನಕ್ಕೆ ಹೋಗಿದ್ದೀರಿ. ರೈಲು ಬಂತು ಅಂದರೆ ಎಲ್ಲರೂ ಎಂಜಿನ್ ಕಡೆ ನೋಡುತ್ತೇವೆ. ಅದರ ಸದ್ದು ಕೇಳುತ್ತೇವೆ. ಆದರೆ ರೈಲಿನ ಕೆಳಗೆ ಬಿದ್ದಿರುವ ಹಳಿಯನ್ನು ಯಾರೂ ನೋಡುವುದಿಲ್ಲ.

"ಹಳಿಯಲ್ಲಿ ನೋಡೋದಕ್ಕೆ ಏನಿದೆ? ಎರಡು ಕಬ್ಬಿಣದ ಪಟ್ಟಿ ಅಷ್ಟೇ ಅಲ್ವಾ?" ಅಂತ ನೀವು ಕೇಳಬಹುದು.

ಆ ಎರಡು ಪಟ್ಟಿ ಸರಿಯಾಗಿ ಕೂರಲು ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಎಷ್ಟೋ ಹಳಿ ಮುರಿದವು. ಎಷ್ಟೋ ಜನರ ಬೆವರು ಹರಿಯಿತು. ಹೆಂಗಸರ ಬೆವರೂ ಹರಿಯಿತು. ಆ ಕಥೆಯನ್ನು ಈಗ ಓದೋಣ.

ಕೆಸರಿನಲ್ಲಿ ಸಿಕ್ಕ ಗಾಡಿ

ಮಳೆಗಾಲ. ಎತ್ತಿನ ಗಾಡಿ ತುಂಬ ಮೂಟೆ. ದಾರಿಯಲ್ಲಿ ಕೆಸರು. ಚಕ್ರ ಹೂತುಹೋಯಿತು. ಎತ್ತು ಎಷ್ಟು ಎಳೆದರೂ ಗಾಡಿ ಮುಂದೆ ಹೋಗದು. ನಾಲ್ಕು ಜನ ಹಿಂದಿನಿಂದ ತಳ್ಳಬೇಕು. ಇದು ನಮಗೆಲ್ಲ ಗೊತ್ತಿರುವ ಕಷ್ಟ.

ಅದೇ ಗಾಡಿ ಕಲ್ಲು ಚಪ್ಪಡಿಯ ಮೇಲೆ ಬಂದರೆ? ಎತ್ತು ಸಲೀಸಾಗಿ ಎಳೆಯುತ್ತದೆ. ಎತ್ತು ಅದೇ. ಗಾಡಿ ಅದೇ. ಮೂಟೆಯೂ ಅದೇ. ಬದಲಾದದ್ದು ದಾರಿ ಮಾತ್ರ.

ಕೆಳಗೆ ಗಟ್ಟಿಯಾಗಿ, ನುಣುಪಾಗಿ ಇದ್ದರೆ ಭಾರ ಎಳೆಯುವುದು ಸುಲಭ. ರೈಲು ಹಳಿಯ ಗುಟ್ಟು ಇಷ್ಟೇ.

ಇದನ್ನು ಕೆಲಸಕ್ಕೆ ತಂದದ್ದು ಇಂಗ್ಲೆಂಡ್ ದೇಶದ ಗಣಿಗಳಲ್ಲಿ. ಅಲ್ಲಿ ನೆಲದ ಕೆಳಗೆ ಕಲ್ಲಿದ್ದಲು ಸಿಗುತ್ತಿತ್ತು. ಅದನ್ನು ಅಗೆದು ಮೇಲೆ ತರಬೇಕು. ಆಮೇಲೆ ಹೊಳೆಯ ತನಕ ಸಾಗಿಸಬೇಕು. ಹೊಳೆಯಿಂದ ದೋಣಿಯಲ್ಲಿ ಊರೂರಿಗೆ ಹೋಗುತ್ತಿತ್ತು. ಗಣಿಯಿಂದ ಹೊಳೆಗೆ ಇದ್ದದ್ದು ಮಣ್ಣು ದಾರಿ. ಅಲ್ಲಿ ಮಳೆಯೂ ಹೆಚ್ಚು. ಕುದುರೆ ಗಾಡಿಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು.

ಮೊದಲು ಬಂದದ್ದು ಮರದ ಹಳಿ

ಸುಮಾರು 1604ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಎಂಬ ಊರಿನ ಹತ್ತಿರ ಒಂದು ಮರದ ದಾರಿ ಮಾಡಿದರು. ನೆಲದ ಮೇಲೆ ಅಡ್ಡಡ್ಡ ಮರದ ತುಂಡು ಇಟ್ಟರು. ಅದರ ಮೇಲೆ ಎರಡು ಸಾಲು ಉದ್ದ ತೊಲೆ ಕೂರಿಸಿದರು. ಗಾಡಿಯ ಚಕ್ರ ಆ ತೊಲೆಗಳ ಮೇಲೆ ಉರುಳುತ್ತಿತ್ತು. ನಡುವೆ ಕುದುರೆ ನಡೆಯುತ್ತಿತ್ತು.

ಇದರಿಂದ ತುಂಬ ಲಾಭವಾಯಿತು. ಮಣ್ಣು ದಾರಿಗಿಂತ ಎಷ್ಟೋ ಪಾಲು ಹೆಚ್ಚು ಭಾರವನ್ನು ಒಂದೇ ಕುದುರೆ ಎಳೆಯಿತು.

ಆದರೆ ಮರ ಎಷ್ಟು ದಿನ ಬಾಳುತ್ತದೆ? ಮಳೆಗೆ ಕೊಳೆಯಿತು. ಚಕ್ರ ಉಜ್ಜಿ ಉಜ್ಜಿ ಸವೆಯಿತು. ಹಳಿಯ ಮೇಲೆ ಇನ್ನೊಂದು ಪದರ ಮರ ಹೊಡೆದರು. ಮೇಲಿನದು ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ಆದರೂ ಖರ್ಚು ತಪ್ಪಲಿಲ್ಲ.

ಮರದ ಮೇಲೆ ಕಬ್ಬಿಣ

ಕೋಲ್‌ಬ್ರುಕ್‌ಡೇಲ್ ಎಂಬುದು ಇಂಗ್ಲೆಂಡಿನ ಒಂದು ಕಣಿವೆ. ಅಲ್ಲಿ ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳಿದ್ದವು. 1767ರಲ್ಲಿ ಅಲ್ಲಿನವರು ಒಂದು ಹೊಸ ಕೆಲಸ ಮಾಡಿದರು. ಮರದ ಹಳಿಯ ಮೇಲೆ ಕಬ್ಬಿಣದ ಪಟ್ಟಿ ಹೊಡೆದರು. ಒಂದೊಂದು ಪಟ್ಟಿ ಸುಮಾರು 5 ಅಡಿ ಉದ್ದ, 4 ಅಂಗುಲ ಅಗಲ ಇತ್ತು.

ಆಗ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು ಅಂತ ಹೇಳುತ್ತಾರೆ. ಕುಲುಮೆ ಆರಿಸುವ ಹಾಗಿಲ್ಲ. ತಯಾರಾದ ಕಬ್ಬಿಣ ಕೊಳ್ಳುವವರಿಲ್ಲ. "ಸದ್ಯಕ್ಕೆ ದಾರಿಗೆ ಹಾಸೋಣ. ಬೆಲೆ ಬಂದಾಗ ಕಿತ್ತು ಮಾರೋಣ" ಎಂದು ಕಾರ್ಖಾನೆಯವರು ಯೋಚನೆ ಮಾಡಿದರಂತೆ. ಬೆಲ್ಲಕ್ಕೆ ಬೆಲೆ ಬಿದ್ದಾಗ ನಾವು ಅಟ್ಟದ ಮೇಲೆ ಇಡುವುದಿಲ್ಲವೇ? ಹಾಗೆಯೇ. ಆದರೆ ಹಾಸಿದ ಮೇಲೆ ಅದರ ಲಾಭ ಗೊತ್ತಾಯಿತು. ಮತ್ತೆ ಯಾರೂ ಕೀಳುವ ಮಾತಾಡಲಿಲ್ಲ.

ನಮ್ಮ ಕಡೆ ಗಾಡಿಯ ಮರದ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ಹಾಕುತ್ತಾನೆ. ಚಕ್ರ ಸವೆಯದಿರಲಿ ಎಂದು. ಅಲ್ಲಿ ದಾರಿಗೂ ಪಟ್ಟಿ ಹಾಕಿದರು. ಮುಂದೆ ಮರವನ್ನೇ ಬಿಟ್ಟು ಪೂರ್ತಿ ಕಬ್ಬಿಣದ ಹಳಿ ಮಾಡಿದರು.

ಹಳಿಯನ್ನು ಎರಕ ಹೊಯ್ಯುವುದು

ಆ ಕಾಲದ ಹಳಿಯನ್ನು ಮಾಡುತ್ತಿದ್ದ ಬಗೆ ಹೀಗೆ.

ಮೊದಲು ಮರದಲ್ಲಿ ಹಳಿಯ ಮಾದರಿ ಕೆತ್ತುತ್ತಿದ್ದರು. ಅದನ್ನು ಒದ್ದೆ ಮರಳಿನಲ್ಲಿ ಒತ್ತುತ್ತಿದ್ದರು. ಮಾದರಿ ತೆಗೆದರೆ ಮರಳಿನಲ್ಲಿ ಅದರ ಅಚ್ಚು ಉಳಿಯುತ್ತಿತ್ತು. ಕರಗಿ ಕೆಂಪಗಾದ ಕಬ್ಬಿಣವನ್ನು ಆ ಅಚ್ಚಿಗೆ ಸುರಿಯುತ್ತಿದ್ದರು. ಆರಿದ ಮೇಲೆ ಹಳಿ ಸಿದ್ಧ. ಇದಕ್ಕೆ ಎರಕ ಹೊಯ್ಯುವುದು ಅನ್ನುತ್ತಾರೆ. ಹೀಗೆ ಹೊಯ್ದ ಕಬ್ಬಿಣಕ್ಕೆ ಬೀಡು ಅಥವಾ ಬೀಡು ಕಬ್ಬಿಣ ಎಂದು ಹೆಸರು.

ನಿಮ್ಮ ಮನೆಯಲ್ಲಿ ಬೀಡಿನ ದೋಸೆ ಕಾವಲಿ ಇರಬಹುದು. ಅದು ಗಟ್ಟಿ. ಭಾರ ಹೊರುತ್ತದೆ. ಬೇಗ ಸವೆಯುವುದಿಲ್ಲ. ಆದರೆ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ? ಒಡೆದು ಎರಡು ಹೋಳು! ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬೀಡು ಕಬ್ಬಿಣ ಒಡೆಯುತ್ತದೆ ಎಂದೇ ಹಳಿಯನ್ನು ಗಿಡ್ಡವಾಗಿ ಮಾಡುತ್ತಿದ್ದರು. ಒಂದು ಹಳಿ ಮೂರು ನಾಲ್ಕು ಅಡಿ ಮಾತ್ರ.

ಅಂಚು ಯಾರಿಗೆ ಇರಬೇಕು?

ಚಕ್ರ ಹಳಿಯಿಂದ ಜಾರಿ ಕೆಳಗೆ ಬೀಳಬಾರದು. ಅದಕ್ಕೆ ಏನು ಮಾಡುವುದು? ಎರಡು ಉಪಾಯ ಹೊಳೆದವು.

ಮೊದಲನೆಯ ಉಪಾಯ: ಹಳಿಗೇ ಅಂಚು ಕೊಡುವುದು. ಹಳಿಯ ಒಂದು ಪಕ್ಕದಲ್ಲಿ ಕಬ್ಬಿಣದ ಗೋಡೆ ಎದ್ದಿರುತ್ತದೆ. ಚಕ್ರ ಆ ಗೋಡೆಯ ಪಕ್ಕ ಉರುಳುತ್ತದೆ. ಆಚೆ ಹೋಗುವುದಿಲ್ಲ. ಇದರಲ್ಲಿ ಒಂದು ಅನುಕೂಲ ಇತ್ತು. ರಸ್ತೆಯ ಮೇಲೆ ಓಡುವ ಸಾಧಾರಣ ಗಾಡಿಯೂ ಈ ಹಳಿಯ ಮೇಲೆ ಹೋಗಬಹುದಿತ್ತು. ತೊಂದರೆಯೂ ಇತ್ತು. ಗೋಡೆಯ ಮೂಲೆಯಲ್ಲಿ ಮಣ್ಣು, ಕಲ್ಲು, ಕಸ ತುಂಬುತ್ತಿತ್ತು. ಮನೆಯ ಮೂಲೆಯಲ್ಲಿ ಕಸ ಸೇರಿದ ಹಾಗೆ. ದಿನವೂ ಗುಡಿಸಬೇಕಿತ್ತು.

ಎರಡನೆಯ ಉಪಾಯ: ಚಕ್ರಕ್ಕೆ ಅಂಚು ಕೊಡುವುದು. ಹಳಿ ನೆಟ್ಟಗೆ, ಬರೀ ಪಟ್ಟಿ. ಚಕ್ರದ ಒಳಪಕ್ಕದಲ್ಲಿ ಒಂದು ಸುತ್ತು ಅಂಚು. ಆ ಅಂಚು ಹಳಿಯ ಒಳಗಡೆ ಕೆಳಗೆ ಇಳಿದು ನಿಲ್ಲುತ್ತದೆ. ಚಕ್ರ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಹಳಿಯ ಮೇಲೆ ಕಸವೂ ನಿಲ್ಲುವುದಿಲ್ಲ.

ವಿಲಿಯಂ ಜೆಸಪ್ ಎಂಬ ಎಂಜಿನಿಯರ್ 1789ರ ಸುಮಾರಿಗೆ ಲಫ್‌ಬರೊ ಎಂಬ ಊರಿನ ಹತ್ತಿರ ಅಂಚಿಲ್ಲದ ಕಬ್ಬಿಣದ ಹಳಿ ಬಳಸಿದ. ಅವನ ಹಳಿ ನೋಡಲು ಮೀನಿನ ಹಾಗೆ ಇತ್ತು. ಎರಡು ತುದಿ ಸಣ್ಣ. ನಡುವೆ ಕೆಳಗಡೆ ಹೊಟ್ಟೆ ದಪ್ಪ. ಯಾಕೆ ಹಾಗೆ? ಎರಡು ಕಲ್ಲಿನ ಮೇಲೆ ಒಂದು ಹಲಗೆ ಇಟ್ಟು ಮೇಲೆ ನಿಂತು ನೋಡಿ. ಹಲಗೆ ಎಲ್ಲಿ ಬಗ್ಗುತ್ತದೆ? ನಟ್ಟನಡುವೆ. ಮುರಿದರೂ ಅಲ್ಲೇ ಮುರಿಯುತ್ತದೆ. ಆದ್ದರಿಂದ ನಡುವೆ ಹೆಚ್ಚು ಕಬ್ಬಿಣ, ತುದಿಗೆ ಕಡಿಮೆ ಕಬ್ಬಿಣ. ಕಬ್ಬಿಣವೂ ಉಳಿಯಿತು, ಬಲವೂ ಬಂತು.

ಕೊನೆಗೆ ಗೆದ್ದದ್ದು ಎರಡನೆಯ ಉಪಾಯವೇ. ಇವತ್ತು ನಾವು ಹತ್ತುವ ರೈಲಿನಲ್ಲೂ ಅಂಚು ಇರುವುದು ಚಕ್ರಕ್ಕೆ. ಹಳಿಗಲ್ಲ.

ಹಳಿ ಕೂರಿಸುತ್ತಿದ್ದ ಬಗೆ

ಹಳಿಯನ್ನು ಬರೀ ಮಣ್ಣಿನ ಮೇಲೆ ಇಟ್ಟರೆ ಹೂತುಹೋಗುತ್ತದೆ. ಕೆಳಗೆ ಏನಾದರೂ ಆಧಾರ ಬೇಕು. ಆ ಕಾಲದಲ್ಲಿ ಕಲ್ಲಿನ ದಿಮ್ಮಿ ಇಡುತ್ತಿದ್ದರು.

ಮೊದಲು ದಾರಿಯನ್ನು ಸಮ ಮಾಡಬೇಕು. ಎತ್ತರ ಇದ್ದ ಕಡೆ ಅಗೆಯಬೇಕು. ತಗ್ಗು ಇದ್ದ ಕಡೆ ಮಣ್ಣು ತುಂಬಬೇಕು. ಹಾರೆ, ಗುದ್ದಲಿ, ತಳ್ಳುಗಾಡಿ, ಇಷ್ಟೇ ಸಲಕರಣೆ. ಯಂತ್ರ ಇರಲಿಲ್ಲ. ಈ ಕೂಲಿಗಳಿಗೆ ಇಂಗ್ಲೆಂಡಿನಲ್ಲಿ ನ್ಯಾವಿ ಎಂದು ಕರೆಯುತ್ತಿದ್ದರು.

ಆಮೇಲೆ ಜಲ್ಲಿ ಹಾಸಬೇಕು. ಅದರ ಮೇಲೆ ಸಾಲಾಗಿ ಕಲ್ಲಿನ ದಿಮ್ಮಿ ಇಡಬೇಕು. ದಿಮ್ಮಿ ಅಲುಗಾಡಬಾರದು. ಅದಕ್ಕೆ ಸನ್ನೆಕೋಲಿನಿಂದ ಎತ್ತಿ ಎತ್ತಿ ಕುಕ್ಕುತ್ತಿದ್ದರು. ಕೆಳಗೆ ಸಣ್ಣ ಜಲ್ಲಿ ತೂರುತ್ತಿದ್ದರು. ಹೀಗೆ ಮಾಡಿ ಮಾಡಿ ದಿಮ್ಮಿ ಗಟ್ಟಿಯಾಗಿ ಕೂರುತ್ತಿತ್ತು.

ಪ್ರತಿ ದಿಮ್ಮಿಗೂ ಉಳಿ ಮತ್ತು ಸುತ್ತಿಗೆಯಿಂದ ತೂತು ಕೊರೆಯಬೇಕು. ತೂತಿಗೆ ಮರದ ಗೂಟ ಬಡಿಯಬೇಕು. ಕಲ್ಲಿನ ಮೇಲೆ ಕಬ್ಬಿಣದ ಒಂದು ಕೂರು ಇಟ್ಟು, ಆ ಗೂಟಕ್ಕೆ ಮೊಳೆ ಹೊಡೆಯಬೇಕು. ಆ ಕೂರಿನಲ್ಲಿ ಹಳಿ ಕೂರುತ್ತಿತ್ತು. ಒಳಕಲ್ಲಿನ ಕುಳಿಯಲ್ಲಿ ಗುಂಡು ಕೂತ ಹಾಗೆ.

ಒಂದು ಲೆಕ್ಕ ಮಾಡೋಣ. 3 ಅಡಿಗೆ ಒಂದು ದಿಮ್ಮಿ ಎಂದು ಇಟ್ಟುಕೊಳ್ಳಿ. ಎರಡು ಸಾಲು ಹಳಿ. ಒಂದು ಕಿಲೋಮೀಟರ್ ಅಂದರೆ ಸುಮಾರು 3,280 ಅಡಿ. ಹಾಗಾದರೆ ಒಂದು ಕಿಲೋಮೀಟರಿಗೆ ಸುಮಾರು 2,200 ದಿಮ್ಮಿ ಬೇಕು. ಒಂದು ದಿಮ್ಮಿಗೆ ಎರಡು ತೂತು. ಒಟ್ಟು 4,400 ತೂತು. ಎಲ್ಲ ಕೈಯಲ್ಲೇ ಕೊರೆಯಬೇಕು!

"ಅಡ್ಡಲಾಗಿ ಮರ ಇಡಬಹುದಿತ್ತಲ್ಲ? ಈಗಿನ ಹಳಿಯಲ್ಲಿ ಅಡ್ಡ ಪಟ್ಟಿ ಇರುತ್ತಲ್ಲ?" ಅಂತ ನಿಮಗೆ ಅನ್ನಿಸಬಹುದು. ಒಳ್ಳೆಯ ಪ್ರಶ್ನೆ. ಆಗ ಗಾಡಿ ಎಳೆಯುತ್ತಿದ್ದದ್ದು ಕುದುರೆ. ಅದು ಎರಡು ಹಳಿಯ ನಡುವೆ ನಡೆಯಬೇಕು. ಅಡ್ಡ ಮರ ಇದ್ದರೆ ಕಾಲು ಎಡವುತ್ತದೆ. ಗೊರಸು ಬಡಿದು ಮರವೂ ಹಾಳಾಗುತ್ತದೆ. ಅದಕ್ಕೆ ಎಡಕ್ಕೆ ಒಂದು ಸಾಲು ಕಲ್ಲು, ಬಲಕ್ಕೆ ಒಂದು ಸಾಲು ಕಲ್ಲು. ನಡುವೆ ಕುದುರೆಗೆ ದಾರಿ.

ಇಂಥ ದಾರಿಯ ಶಕ್ತಿ ಎಷ್ಟು ಗೊತ್ತೇ? 1805ರಲ್ಲಿ ಲಂಡನ್ ಪಟ್ಟಣದ ದಕ್ಷಿಣಕ್ಕೆ ಕ್ರಾಯ್ಡನ್ ಎಂಬ ಊರಿನ ಹಳಿಯ ಮೇಲೆ ಒಂದು ಪಂದ್ಯ ನಡೆಯಿತು. ಕಲ್ಲು ತುಂಬಿದ 12 ಗಾಡಿಗಳನ್ನು ಒಂದಕ್ಕೊಂದು ಕಟ್ಟಿದರು. ಒಂದೊಂದು ಗಾಡಿಯೂ 3 ಟನ್ನಿಗಿಂತ ಹೆಚ್ಚು ಭಾರ. ಒಂದೇ ಒಂದು ಕುದುರೆ ಅದನ್ನೆಲ್ಲ ಎಳೆಯಿತು. ಸುಮಾರು 6 ಮೈಲಿ ದೂರವನ್ನು ಎರಡು ಗಂಟೆಯೊಳಗೆ ಮುಟ್ಟಿತು. ದಾರಿ ಸ್ವಲ್ಪ ಇಳಿಜಾರಾಗಿತ್ತು, ನಿಜ. ಆದರೂ ನೋಡಲು ಬಂದ ಜನ ಬೆರಗಾದರು.

ಎಂಜಿನ್ ಬಂತು, ಹಳಿ ಮುರಿಯಿತು

ಇಷ್ಟರಲ್ಲಿ ಉಗಿ ಯಂತ್ರ ಬಂದಿತ್ತು. ನೀರು ಕುದಿಸಿದರೆ ಉಗಿ ಬರುತ್ತದೆ. ಆ ಉಗಿ ಪಾತ್ರೆಯ ಮುಚ್ಚಳವನ್ನು ಎತ್ತುತ್ತದೆ. ಇದು ನಿತ್ಯ ಅಡುಗೆ ಮಾಡುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಶಕ್ತಿಯಿಂದ ಚಕ್ರ ತಿರುಗಿಸುವ ಎಂಜಿನ್ ಮಾಡಿದರು.

ವೇಲ್ಸ್ ಎಂಬ ಸೀಮೆಯಲ್ಲಿ ಪೆನಿಡಾರನ್ ಎಂಬ ಕಬ್ಬಿಣದ ಕಾರ್ಖಾನೆ ಇತ್ತು. 1804ರ ಫೆಬ್ರವರಿ 21ರಂದು ಅಲ್ಲಿ ರಿಚರ್ಡ್ ಟ್ರೆವಿಥಿಕ್ ಎಂಬುವನು ತನ್ನ ಎಂಜಿನ್ ಓಡಿಸಿದ. ಅದು 10 ಟನ್ ಕಬ್ಬಿಣ ಮತ್ತು 70 ಜನರನ್ನು ಎಳೆದುಕೊಂಡು 9 ಮೈಲಿಗಿಂತ ಹೆಚ್ಚು ದೂರ ಹೋಯಿತು. ಸುಮಾರು 4 ಗಂಟೆ ಹಿಡಿಯಿತು. ಹಳಿಯ ಮೇಲೆ ಉಗಿ ಎಂಜಿನ್ ಭಾರ ಎಳೆದದ್ದು ಅದೇ ಮೊದಲು.

ಎಲ್ಲರಿಗೂ ಸಂತೋಷ. ಆದರೆ ಹಿಂದೆ ತಿರುಗಿ ನೋಡಿದರೆ ಏನು? ಹಳಿಗಳು ಒಡೆದು ಬಿದ್ದಿದ್ದವು! ಕುದುರೆ ಗಾಡಿಯ ಭಾರಕ್ಕೆ ಮಾಡಿದ ಹಳಿ, ಎಂಜಿನ್ನಿನ ಭಾರ ತಡೆಯಲಿಲ್ಲ. ಬೀಡಿನ ಕಾವಲಿ ನೆನಪಾಯಿತೇ? ಅದೇ ಆದದ್ದು.

ಆ ಎಂಜಿನ್ ಬಹಳ ದಿನ ಓಡಲಿಲ್ಲ. ಎಂಜಿನ್ ಒಳ್ಳೆಯದೇ. ದಾರಿ ಸಾಲಲಿಲ್ಲ.

ಹದಿನೆಂಟರಲ್ಲಿ ಅಕ್ಷರ ಕಲಿತವನು

ಇಲ್ಲಿ ಒಬ್ಬನ ಕಥೆ ಹೇಳಲೇಬೇಕು. ಅವನ ಹೆಸರು ಜಾರ್ಜ್ ಸ್ಟೀಫನ್‌ಸನ್. ಹುಟ್ಟಿದ್ದು 1781ರಲ್ಲಿ. ಅಪ್ಪ ಗಣಿಯ ಯಂತ್ರಕ್ಕೆ ಬೆಂಕಿ ಹಾಕುವ ಕೂಲಿ. ಅಪ್ಪನಿಗೂ ಓದು ಬಾರದು, ಅಮ್ಮನಿಗೂ ಓದು ಬಾರದು. ಮಗನನ್ನು ಶಾಲೆಗೆ ಕಳಿಸಲು ಕಾಸಿಲ್ಲ. ಚಿಕ್ಕಂದಿನಲ್ಲೇ ದನ ಕಾಯುವ ಕೆಲಸಕ್ಕೆ ಸೇರಿದ. ಆಮೇಲೆ ಗಣಿಗೆ ಸೇರಿದ. ಯಂತ್ರ ಬಿಚ್ಚುವುದು, ಜೋಡಿಸುವುದು ಚೆನ್ನಾಗಿ ಕಲಿತ. ಆದರೆ ಯಂತ್ರದ ಬಗ್ಗೆ ಪುಸ್ತಕದಲ್ಲಿ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಹದಿನೆಂಟನೆಯ ವಯಸ್ಸಿನಲ್ಲಿ ಅವನು ರಾತ್ರಿ ಶಾಲೆಗೆ ಹೋದ. ಹಗಲೆಲ್ಲ ಗಣಿಯ ದುಡಿಮೆ. ರಾತ್ರಿ ಅಕ್ಷರ. ಬಿಡುವು ಸಿಕ್ಕಾಗ ಯಂತ್ರದ ಪಕ್ಕ ಕೂತು ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದ. ತನ್ನ ಹೆಸರು ತಾನೇ ಬರೆದ ದಿನ ಅವನಿಗೆ ಎಷ್ಟು ಹಿಗ್ಗಾಗಿರಬೇಕು! ಆ ಹಿಗ್ಗು ಏನೆಂದು ನಿಮಗೆ ಗೊತ್ತು.

1806ರಲ್ಲಿ ಅವನ ಹೆಂಡತಿ ತೀರಿಕೊಂಡಳು. ಚಿಕ್ಕ ಮಗನಿದ್ದ. ಮಗನನ್ನು ಓದಿಸಲು ಸ್ಟೀಫನ್‌ಸನ್ ಜನರ ಗಡಿಯಾರ ರಿಪೇರಿ ಮಾಡಿದ. ಜೋಡು ಹೊಲಿದ. ಮಗ ಶಾಲೆಯಿಂದ ಬಂದ ಮೇಲೆ ಅಪ್ಪ ಮಗ ಇಬ್ಬರೂ ಕೂತು ಓದುತ್ತಿದ್ದರು. ಮಗನ ಪುಸ್ತಕದಿಂದ ಅಪ್ಪನೂ ಕಲಿತ.

ಈ ಸ್ಟೀಫನ್‌ಸನ್ ಮುಂದೆ ರೈಲು ದಾರಿ ಕಟ್ಟುವ ದೊಡ್ಡ ಎಂಜಿನಿಯರ್ ಆದ.

ಗಾಜಿನ ಬಳೆ, ಬೆಳ್ಳಿ ಬಳೆ

ಗಾಜಿನ ಬಳೆ ಬಗ್ಗಿಸಲು ಹೋದರೆ ಒಡೆಯುತ್ತದೆ. ಬೆಳ್ಳಿ ಬಳೆ ಬಗ್ಗುತ್ತದೆ, ಒಡೆಯುವುದಿಲ್ಲ. ಕಬ್ಬಿಣದಲ್ಲೂ ಹೀಗೇ ಎರಡು ಬಗೆ. ಬೀಡು ಕಬ್ಬಿಣ ಗಾಜಿನ ಬಳೆಯ ಹಾಗೆ. ಮೆದು ಕಬ್ಬಿಣ ಬೆಳ್ಳಿ ಬಳೆಯ ಹಾಗೆ. ನಮ್ಮ ಕಮ್ಮಾರ ಕಾಸಿ ಬಡಿದು ಕುಡುಗೋಲು ಮಾಡುತ್ತಾನಲ್ಲ, ಹಾಗೆ ಕಾಸಿ ಬಡಿಯಲು ಬರುವ ಕಬ್ಬಿಣ ಇದು.

ಆದರೆ ಉದ್ದನೆಯ ಹಳಿಯನ್ನು ಸುತ್ತಿಗೆಯಿಂದ ಬಡಿದು ಮಾಡಲು ಆಗುತ್ತದೆಯೇ? ಅದಕ್ಕೆ ದಾರಿ ಕಂಡುಹಿಡಿದವನು ಜಾನ್ ಬರ್ಕಿನ್‌ಶಾ. ಅವನು ಬೆಡ್ಲಿಂಗ್ಟನ್ ಎಂಬ ಊರಿನ ಕಾರ್ಖಾನೆಯಲ್ಲಿದ್ದ. 1820ರಲ್ಲಿ ಅವನು ಎರಡು ಉರುಳೆಗಳ ನಡುವೆ ಕೆಂಪಗೆ ಕಾದ ಕಬ್ಬಿಣವನ್ನು ತೂರಿಸಿದ. ಕಬ್ಬಿನ ಗಾಣ ನೋಡಿದ್ದೀರಲ್ಲ? ಎರಡು ಉರುಳೆ ತಿರುಗುತ್ತಿರುತ್ತವೆ. ನಡುವೆ ಕಬ್ಬು ಕೊಟ್ಟರೆ ಚಪ್ಪಟೆಯಾಗಿ ಆಚೆ ಬರುತ್ತದೆ. ಹಾಗೆಯೇ. ಆದರೆ ಈ ಉರುಳೆಗಳಲ್ಲಿ ಹಳಿಯ ಆಕಾರದ ಕಾಲುವೆ ಕೊರೆದಿತ್ತು. ಕಬ್ಬಿಣ ಆಚೆ ಬರುವಾಗ ಹಳಿಯಾಗಿ ಬರುತ್ತಿತ್ತು.

ಈ ಹಳಿ 15 ಅಡಿ ಉದ್ದ ಇತ್ತು. ಮೊದಲಿನ ಹಳಿ ಮೂರು ನಾಲ್ಕು ಅಡಿ ಮಾತ್ರ. ಹಳಿ ಉದ್ದವಾದರೆ ಜೋಡಣೆ ಕಡಿಮೆ. ಜೋಡಣೆ ಕಡಿಮೆಯಾದರೆ ಕುಲುಕಾಟ ಕಡಿಮೆ. ಭಾರ ಬಿದ್ದರೂ ಒಡೆಯುವುದಿಲ್ಲ.

ಆಗ ಸ್ಟಾಕ್‌ಟನ್ ಮತ್ತು ಡಾರ್ಲಿಂಗ್ಟನ್ ಎಂಬ ಊರುಗಳ ನಡುವೆ ರೈಲು ದಾರಿ ಕಟ್ಟುವ ಕೆಲಸ ಸ್ಟೀಫನ್‌ಸನ್‌ಗೆ ಸಿಕ್ಕಿತು. ಯಾವ ಹಳಿ ಹಾಕುವುದು ಎಂದು ಕಂಪನಿಯವರು ಕೇಳಿದರು. ಸ್ಟೀಫನ್‌ಸನ್ ತಾನೇ ಒಂದು ಬಗೆಯ ಬೀಡಿನ ಹಳಿಗೆ ಹಕ್ಕು ಪಡೆದಿದ್ದ. 1816ರಲ್ಲಿ ಒಬ್ಬ ಪಾಲುದಾರನ ಜೊತೆ ಸೇರಿ ಪಡೆದ ಹಕ್ಕು ಅದು. ಅದನ್ನೇ ಹಾಕಿಸಿದ್ದರೆ ಅವನಿಗೆ ಲಾಭ ಬರುತ್ತಿತ್ತು. ಆದರೂ ಅವನು, "ನನ್ನ ಹಳಿಗಿಂತ ಬರ್ಕಿನ್‌ಶಾ ಹಳಿಯೇ ಒಳ್ಳೆಯದು" ಎಂಬ ಸಲಹೆ ಕೊಟ್ಟ. ಪಾಲುದಾರ ಸಿಟ್ಟಾದ. ಇಬ್ಬರ ಸ್ನೇಹ ಮುರಿಯಿತು. ಆದರೆ ಹಳಿ ಮುರಿಯಲಿಲ್ಲ.

1825ರ ಸೆಪ್ಟೆಂಬರ್ 27ರಂದು ಆ ದಾರಿಯಲ್ಲಿ ರೈಲು ಓಡಿತು. ನೂರಾರು ಜನ ಗಾಡಿಗಳಲ್ಲಿ ಕೂತಿದ್ದರು. ದಾರಿಯ ಒಂದು ಭಾಗಕ್ಕೆ ಕಲ್ಲಿನ ದಿಮ್ಮಿ, ಇನ್ನೊಂದು ಭಾಗಕ್ಕೆ ಓಕ್ ಮರದ ದಿಮ್ಮಿ ಹಾಕಿದ್ದರು. ಆ ಹಳಿ ಒಂದು ಮೀಟರಿಗೆ ಸುಮಾರು 14 ಕಿಲೋ ತೂಗುತ್ತಿತ್ತು. ಇವತ್ತು ನಮ್ಮ ದೇಶದ ದೊಡ್ಡ ಮಾರ್ಗಗಳ ಹಳಿ ಒಂದು ಮೀಟರಿಗೆ 60 ಕಿಲೋ ತೂಗುತ್ತದೆ.

ಹುದುಲಿನ ಮೇಲೆ ತೇಲಿದ ದಾರಿ

ಮುಂದೆ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಎಂಬ ದೊಡ್ಡ ಪಟ್ಟಣಗಳ ನಡುವೆ ರೈಲು ಹಾಕಲು ಹೊರಟರು. ದಾರಿಯಲ್ಲಿ ಚ್ಯಾಟ್ ಮಾಸ್ ಎಂಬ ದೊಡ್ಡ ಹುದುಲು ಇತ್ತು. ಮನುಷ್ಯ ಕಾಲಿಟ್ಟರೆ ಹೂತುಹೋಗುವಂಥ ಜೌಗು. "ಇಲ್ಲಿ ರೈಲು ಹೋಗುತ್ತದೆಯೇ? ಇದು ಹುಚ್ಚುತನ" ಎಂದು ತಿಳಿದವರೇ ನಕ್ಕರು.

ಕೂಲಿಗಳು ಕಾಲುವೆ ತೋಡಿ ನೀರು ಹರಿಸಿದರು. ಖಾಲಿ ಟಾರು ಪೀಪಾಯಿಗಳನ್ನು ಸಾಲಾಗಿ ಜೋಡಿಸಿ ನೀರು ಹೋಗಲು ಕೊಳವೆ ಮಾಡಿದರು. ತಿಂಗಳುಗಟ್ಟಲೆ ಮಣ್ಣು ಸುರಿದರು. ಎಷ್ಟು ಸುರಿದರೂ ಹುದುಲು ನುಂಗುತ್ತಿತ್ತು.

ಆಗ ಒಂದು ಉಪಾಯ ಮಾಡಿದರು. ಸಣ್ಣ ಕೊಂಬೆ, ಕಡ್ಡಿ ತಂದು ತಟ್ಟಿ ಹೆಣೆದರು. ನಾವು ಬಿದಿರು ತಟ್ಟಿ ಹೆಣೆಯುತ್ತೇವಲ್ಲ, ಹಾಗೆ. ಆ ತಟ್ಟಿಗಳನ್ನು ಹುದುಲಿನ ಮೇಲೆ ಹಾಸಿದರು. ಅದರ ಮೇಲೆ ಜಲ್ಲಿ ಹಾಕಿ, ಮರದ ಅಡ್ಡ ತುಂಡು ಇಟ್ಟು, ಹಳಿ ಕೂರಿಸಿದರು. ಭಾರ ಒಂದೇ ಕಡೆ ಬೀಳದೆ ಅಗಲಕ್ಕೆ ಹರಡಿತು. ನೀರಿನ ಮೇಲೆ ತೆಪ್ಪ ತೇಲಿದ ಹಾಗೆ ದಾರಿ ನಿಂತಿತು. 1830ರ ಸೆಪ್ಟೆಂಬರ್ 15ರಂದು ಆ ಮಾರ್ಗದಲ್ಲಿ ರೈಲು ಓಡಿತು.

ಕಲ್ಲು ಹೋಗಿ ಮರ ಬಂತು

ಎಂಜಿನ್ ಬಂದ ಮೇಲೆ ಹಳಿಯ ನಡುವೆ ಕುದುರೆ ನಡೆಯುವ ಕೆಲಸ ತಪ್ಪಿತು. ಇನ್ನು ಅಡ್ಡ ಮರಕ್ಕೆ ಅಡ್ಡಿ ಇಲ್ಲ. ಕಲ್ಲಿನ ದಿಮ್ಮಿಯಲ್ಲಿ ಬೇರೆ ತೊಂದರೆ ಕಂಡಿತು. ಎಡಗಡೆ ಕಲ್ಲಿಗೂ ಬಲಗಡೆ ಕಲ್ಲಿಗೂ ನಂಟಿಲ್ಲ. ಒಂದು ಕಲ್ಲು ಸ್ವಲ್ಪ ಜರುಗಿದರೂ ಹಳಿಗಳ ನಡುವಿನ ಅಳತೆ ಕೆಡುತ್ತದೆ. ಅಳತೆ ಕೆಟ್ಟರೆ ರೈಲು ಬೀಳುತ್ತದೆ.

ಅಡ್ಡ ಮರ ಎರಡೂ ಹಳಿಯನ್ನು ಹಿಡಿದು ನಿಲ್ಲಿಸುತ್ತದೆ. ಸ್ವಲ್ಪ ಮೆತ್ತಗಿರುವುದರಿಂದ ಕುಲುಕಾಟವನ್ನೂ ನುಂಗುತ್ತದೆ. ಆ ಅಡ್ಡ ಮರಕ್ಕೆ ಸ್ಲೀಪರ್ ಎನ್ನುತ್ತಾರೆ. ಈಗ ಹೆಚ್ಚಾಗಿ ಕಾಂಕ್ರೀಟಿನ ಸ್ಲೀಪರ್ ಬಂದಿದೆ. ಕೆಳಗೆ ಜಲ್ಲಿ ಈಗಲೂ ಇದೆ. ಜಲ್ಲಿ ಭಾರವನ್ನು ಹರಡುತ್ತದೆ. ಮಳೆ ನೀರನ್ನು ಇಳಿಸುತ್ತದೆ. ಸ್ಲೀಪರ್ ಜರುಗದಂತೆ ಹಿಡಿಯುತ್ತದೆ.

ಇನ್ನೊಂದು ಮಾತು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಸ್ವಲ್ಪ ಸಂದು ಬಿಡುತ್ತಿದ್ದರು. ಚಕ್ರ ಆ ಸಂದು ದಾಟುವಾಗ "ಟಕ್ ಟಕ್, ಟಕ್ ಟಕ್" ಎಂದು ಸದ್ದಾಗುತ್ತಿತ್ತು. ಈಗ ಉಕ್ಕಿನ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೆ ಜೋಡಿಸುತ್ತಾರೆ. ಆದ್ದರಿಂದ ಆ ಸದ್ದು ಕಡಿಮೆಯಾಗಿದೆ.

ನಮ್ಮ ದೇಶಕ್ಕೆ ಬಂದದ್ದು

ನಮ್ಮ ದೇಶದಲ್ಲಿ ಮೊದಲು ಹಳಿ ಹಾಕಿದ್ದು ಮದರಾಸಿನ ಹತ್ತಿರ. 1837ರಲ್ಲಿ ರೆಡ್ ಹಿಲ್ಸ್ ಎಂಬ ಕಡೆಯಿಂದ ರಸ್ತೆಗೆ ಬೇಕಾದ ಕಲ್ಲು ಸಾಗಿಸಲು ಹಾಕಿದರು. ಜನ ಪ್ರಯಾಣ ಮಾಡುವ ರೈಲು 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಓಡಿತು. ದೂರ 34 ಕಿಲೋಮೀಟರ್.

ಆಮೇಲೆ ಬೊಂಬಾಯಿ ಮತ್ತು ಪುಣೆಯ ನಡುವೆ ಬೋರ್ ಘಾಟಿನಲ್ಲಿ ಹಳಿ ಹಾಕಬೇಕಾಯಿತು. ಕಡಿದಾದ ಬೆಟ್ಟ. ಬಂಡೆ ಕೊರೆದು 25 ಸುರಂಗ ಮಾಡಬೇಕು. ಒಂದೊಂದು ಸಲ ಸುಮಾರು 40,000 ಜನ ದುಡಿಯುತ್ತಿದ್ದರು. ಗಂಡಸರು ಬಂಡೆ ಒಡೆದರು. ಹೆಂಗಸರು, ಮಕ್ಕಳು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಕೂಲಿ ಸರಿಯಾಗಿ ಸಿಗದೆ 1859ರಲ್ಲಿ ಕೂಲಿಗಳು ದಂಗೆ ಎದ್ದರು. ಕಾಲರಾ ಬಂತು. ಸಾವಿರಾರು ಜನ ಸತ್ತರು.

ಅದೇ ವರ್ಷ ಸಾಲಮನ್ ಟ್ರೆಡ್‌ವೆಲ್ ಎಂಬ ಗುತ್ತಿಗೆದಾರ ಇಂಗ್ಲೆಂಡಿನಿಂದ ಬಂದ. ಬಂದ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್. ಪರದೇಶ, ಗಂಡನಿಲ್ಲ, ಎದುರಿಗೆ ಬೆಟ್ಟದಂಥ ಕೆಲಸ. ಆಕೆ ಊರಿಗೆ ಓಡಿಹೋಗಲಿಲ್ಲ. ಗುತ್ತಿಗೆಯನ್ನು ತಾನೇ ವಹಿಸಿಕೊಂಡಳು. ಕೆಲಸ ತಿಳಿದವರನ್ನು ಇಟ್ಟುಕೊಂಡು ಮುಂದುವರಿಸಿದಳು. 1863ರಲ್ಲಿ ಘಾಟಿಯ ಮೇಲೆ ರೈಲು ಹತ್ತಿತು.

ಗುತ್ತಿಗೆ ನಡೆಸಿದ ಆಲಿಸ್ ಹೆಸರು ಪುಸ್ತಕದಲ್ಲಿ ಉಳಿದಿದೆ. ಬುಟ್ಟಿ ಹೊತ್ತ ಹೆಂಗಸರ ಹೆಸರು ಎಲ್ಲೂ ಇಲ್ಲ.

ಧಾತು ಬರ ಮತ್ತು ಮೈಸೂರು ರೈಲು

ನಮ್ಮ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆ ಕಡೆಯಿಂದ. ಆಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಕಿದರು.

1876ರಿಂದ 1878ರ ತನಕ ಮೈಸೂರು ಸೀಮೆಯಲ್ಲಿ ಘೋರ ಬರ. ಹಳಬರು ಅದನ್ನು ಧಾತು ಬರ ಎನ್ನುತ್ತಿದ್ದರು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಹಸಿದವರಿಗೆ ಕೂಲಿ ಕೊಡಲು ಬರ ಪರಿಹಾರದ ಕೆಲಸ ತೆಗೆದರು. ಅದರಲ್ಲಿ ಈ ರೈಲು ದಾರಿಗೆ ಮಣ್ಣು ಹಾಕುವ ಕೆಲಸವೂ ಒಂದು. 1881ರಲ್ಲಿ ರೈಲು ಚನ್ನಪಟ್ಟಣದ ತನಕ ಬಂತು. 1882ರಲ್ಲಿ ಮೈಸೂರು ಮುಟ್ಟಿತು.

ಈಗ ಆ ದಾರಿಯಲ್ಲಿ ದಿನಕ್ಕೆ ಎಷ್ಟೋ ರೈಲು ಓಡುತ್ತವೆ. ಹಳೆಯ ಕಿರಿದಾದ ಮೀಟರ್ ಗೇಜ್ ಹಳಿ ಹೋಗಿ ಅಗಲವಾದ ಬ್ರಾಡ್ ಗೇಜ್ ಹಳಿ ಬಂದಿದೆ. ಮದ್ದೂರು, ಮಂಡ್ಯ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿ. ಹಳಿಯ ಕೆಳಗೆ ಎತ್ತರಿಸಿದ ಮಣ್ಣಿನ ಏರಿ ಕಾಣುತ್ತದೆ. ಹಸಿದ ಹೊಟ್ಟೆಯವರು ಆ ದಾರಿಗೆ ಮಣ್ಣು ಹೊತ್ತಿದ್ದರು. ಅವರಲ್ಲಿ ನಮ್ಮ ನಿಮ್ಮ ಮುತ್ತಜ್ಜಿಯರೂ ಇದ್ದಿರಬಹುದು.

ಇವತ್ತು ಹಳಿ ಕಾಯುವ, ರಿಪೇರಿ ಮಾಡುವ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ಸಡಿಲವಾದ ಕಡೆ ಬಿಗಿ ಮಾಡುತ್ತಾರೆ. ಬಿರುಕು ಕಂಡರೆ ತಿಳಿಸುತ್ತಾರೆ. ಸಂಬಳದ ಪಟ್ಟಿಯಲ್ಲಿ ಅವರ ಹೆಸರಿದೆ. ಅದರ ಮುಂದೆ ಅವರೇ ಸಹಿ ಹಾಕಬಲ್ಲರು.

ಮುಂದಿನ ಸಲ ರೈಲು ಹತ್ತುವಾಗ ಒಂದು ಕ್ಷಣ ಹಳಿಯನ್ನೂ ನೋಡಿ. ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ ಊರಿನ ಹೆಸರಿದೆ. ಅದನ್ನು ಯಾರನ್ನೂ ಕೇಳದೆ ನೀವೇ ಓದಿ.

ಓದಿದಿರಾ? ಈಗ ಮಾತಾಡೋಣ

1. ಅಂಚು ಚಕ್ರಕ್ಕೆ ಇದ್ದರೆ ಏನು ಅನುಕೂಲ?

2. ಟ್ರೆವಿಥಿಕ್ ಎಂಜಿನ್ ಓಡಿದಾಗ ಹಳಿ ಯಾಕೆ ಒಡೆಯಿತು?

3. ಸ್ಟೀಫನ್‌ಸನ್ ತನ್ನ ಲಾಭ ಬಿಟ್ಟು ಬೇರೆಯವರ ಹಳಿ ಹಾಕಿಸಿದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

4. ನಿಮ್ಮ ಊರಿನ ಕೆರೆ, ರಸ್ತೆ, ಕಾಲುವೆಗೆ ಯಾರು ಯಾರು ಮಣ್ಣು ಹೊತ್ತರು? ಹಿರಿಯರನ್ನು ಕೇಳಿ. ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಬರೆಯಿರಿ.

5. ಲೆಕ್ಕ ಮಾಡಿ: ಒಂದು ಹಳಿ 15 ಅಡಿ ಉದ್ದ ಇದೆ. 3 ಅಡಿ ಉದ್ದದ ಎಷ್ಟು ಹಳಿಗೆ ಅದು ಸಮ?